ಡಬ್ಲಿನ್ ಮಹಿಳಾ ಜೈಲಿನ ದೂರು ಸೇವೆ: ಐದಕ್ಕೆ ಸೊನ್ನೆ

ಅಮೆರಿಕದ ಫೆಡರಲ್, ಅಂದರೆ ಕೇಂದ್ರ ಸರ್ಕಾರದ, ಜೈಲಿನಲ್ಲಿ ಒಬ್ಬ ಹೆಂಗಸಿನ ಮೇಲೆ ಅಲ್ಲಿನ ಸಿಬ್ಬಂದಿಯೇ ಕೈ ಹಾಕಿದರೆ ಅವಳು ಎಲ್ಲಿ ಹೇಳಬೇಕು, ಹೇಳಿದರೆ ಏನಾಗುತ್ತದೆ? ಅದಕ್ಕೆಂದು ಸರ್ಕಾರ ಮಾಡಿಟ್ಟಿರುವ ದೂರು ವ್ಯವಸ್ಥೆಯ ವಿಮರ್ಶೆ ಇದು. ಕ್ಯಾಲಿಫೋರ್ನಿಯಾದ ಎಫ್‌ಸಿಐ ಡಬ್ಲಿನ್ ಅನ್ನುವ ಫೆಡರಲ್ ಮಹಿಳಾ ಜೈಲಿನಲ್ಲಿ ಆ ವ್ಯವಸ್ಥೆ ನಡೆದ ರೀತಿಯನ್ನು ಇಟ್ಟುಕೊಂಡು ಬರೆಯುತ್ತಿದ್ದೇನೆ. ಹೋಟೆಲಿನ ದೋಸೆ, ಹಲ್ಲಿನ ಡಾಕ್ಟರು, ಮನೆ ಸಾಗಿಸುವ ಕಂಪನಿ, ಎಲ್ಲದಕ್ಕೂ ನಾವು ವಿಮರ್ಶೆ ಬರೆಯುತ್ತೇವೆ. ಇದೂ ಒಂದು ಸೇವೆಯೇ. ನಮ್ಮ ತೆರಿಗೆ ದುಡ್ಡಿನಲ್ಲಿ ನಡೆಯುತ್ತದೆ. ಬಳಸುವವರಿಗೆ ಬೇರೆ ಅಂಗಡಿಗೆ ಹೋಗುವ ಆಯ್ಕೆ ಇಲ್ಲ. ಹಾಗಾಗಿ ಇದಕ್ಕೆ ಜಾಸ್ತಿ ಕಟ್ಟುನಿಟ್ಟಿನ ವಿಮರ್ಶೆ ಬೇಕು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಗ್ರಾಹಕರ ದೂರು ತೆಗೆದುಕೊಳ್ಳುವ ಸಾಫ್ಟ್‌ವೇರ್ ಸರಿಯಾಗಿ ಕೆಲಸ ಮಾಡುತ್ತದಾ ಅಂತ ಪರೀಕ್ಷೆ ಮಾಡುವುದು ನನ್ನ ಹೊಟ್ಟೆಪಾಡು. ಮನೆ ಡಬ್ಲಿನ್‌ನಲ್ಲೇ. ಈ ಕಡೆ ಕನ್ನಡದವರು ಎಷ್ಟು ಜನ ಇದ್ದೇವೆ ಅನ್ನುವುದು ಲಿವರ್‌ಮೋರ್ ಶಿವ ವಿಷ್ಣು ದೇವಸ್ಥಾನಕ್ಕೆ ಯುಗಾದಿ ದಿನ ಹೋದವರಿಗೆ ಗೊತ್ತು. 580 ಹೆದ್ದಾರಿಯ ಉತ್ತರಕ್ಕೆ ಕ್ಯಾಂಪ್ ಪಾರ್ಕ್ಸ್ ಅಂತ ಸೇನೆಯ ಜಾಗ ಇದೆ. ಅದರ ಬೇಲಿಗೆ ಹತ್ತಿರದಲ್ಲೇ ಹೊಸ ಹೊಸ ಮನೆಗಳು ಎದ್ದವು, ನಮ್ಮವರು ಕೊಂಡರು. ಆ ಬೇಲಿಯ ಒಳಗೇ ಈ ಜೈಲು ಇತ್ತು. ಪಕ್ಕದಲ್ಲಿ ಸಾಂಟಾ ರೀಟಾ ಅಂತ ಕೌಂಟಿ ಜೈಲೂ ಇದೆ, ಅದು ಬೇರೆ. ಎಷ್ಟೋ ಜನ ಎರಡನ್ನೂ ಒಂದೇ ಅಂದುಕೊಂಡಿದ್ದಾರೆ. ಫೆಡರಲ್ ಜೈಲು ಶುರುವಾದದ್ದು 1974ರಲ್ಲಿ. 2012ರಿಂದ ಹೆಂಗಸರಿಗೆ ಮಾತ್ರ. 2024ರಲ್ಲಿ ಮುಚ್ಚುವ ಹೊತ್ತಿಗೆ ಅಲ್ಲಿ ಸುಮಾರು ಆರುನೂರು ಜನ ಇದ್ದರು.

ಕಾಗದದ ಮೇಲೆ ನೋಡಿದರೆ ಸೇವೆ ಚೆನ್ನಾಗಿಯೇ ಇದೆ. 2003ರಲ್ಲಿ ಜೈಲು ಅತ್ಯಾಚಾರ ನಿರ್ಮೂಲನ ಕಾನೂನು ಬಂತು. ಜೈಲಿನವರು ಅದನ್ನು ಚಿಕ್ಕದಾಗಿ ಪ್ರೀಯಾ ಅನ್ನುತ್ತಾರೆ. 2012ರಲ್ಲಿ ಅದರ ಅಡಿಯಲ್ಲಿ ನಿಯಮಗಳು ಬಂದವು. ಕೈದಿ ಬಾಯಲ್ಲಿ ಹೇಳಬಹುದು, ಬರೆದು ಕೊಡಬಹುದು, ಹೆಸರಿಲ್ಲದೆ ತಿಳಿಸಬಹುದು. ಅವಳ ಪರವಾಗಿ ಮನೆಯವರೋ ವಕೀಲರೋ ದೂರು ಕೊಡಬಹುದು. ಜೈಲಿಗೆ ಸೇರದ ಒಂದು ಹೊರಗಿನ ಕಚೇರಿಗೆ ತಿಳಿಸುವ ದಾರಿ ಇರಲೇಬೇಕು. ದೂರು ಕೊಟ್ಟದ್ದಕ್ಕೆ ಸೇಡು ತೀರಿಸುವಂತಿಲ್ಲ. ಪ್ರತಿ ಜೈಲನ್ನೂ ಮೂರು ವರ್ಷಕ್ಕೊಮ್ಮೆ ಹೊರಗಿನ ಆಡಿಟರ್ ಬಂದು ಪರಿಶೀಲಿಸಬೇಕು. ಇನ್ನೊಂದು ಮುಖ್ಯ ವಿಷಯ. ಫೆಡರಲ್ ಕಾನೂನಿನಲ್ಲಿ ಜೈಲು ಸಿಬ್ಬಂದಿ ತನ್ನ ವಶದಲ್ಲಿರುವ ಕೈದಿಯ ಜೊತೆ ಲೈಂಗಿಕ ಸಂಪರ್ಕ ಮಾಡಿದರೆ ಅದು ಅಪರಾಧ, ಅಷ್ಟೇ. ಅವಳು ಒಪ್ಪಿದ್ದಳು ಅನ್ನುವ ಮಾತಿಗೆ ಅಲ್ಲಿ ಬೆಲೆ ಇಲ್ಲ.

ಆ ನಿಯಮ ಯಾಕೆ ಬೇಕು ಅಂತ ಕೇಳುವವರು ಇದ್ದಾರೆ. ನಮ್ಮ ಸ್ನೇಹಿತರ ಮನೆಯ ಊಟದ ಹೊತ್ತಿಗೇ ಒಬ್ಬರು ಕೇಳಿದರು, ಕೆಲವರು ಇಷ್ಟಪಟ್ಟೇ ಹೋಗಿರಬಹುದಲ್ವಾ ಅಂತ. ಸ್ವಲ್ಪ ಯೋಚನೆ ಮಾಡಿ. ಒಳಗೆ ಕೆಲಸ ಮಾಡಿದರೆ ಸಾಮಾನ್ಯವಾಗಿ ಸಿಗುವುದು ಗಂಟೆಗೆ 12ರಿಂದ 40 ಸೆಂಟ್. ಸೋಪು, ಪ್ಯಾಡು, ಮಗನಿಗೆ ಫೋನು ಮಾಡುವ ನಿಮಿಷ, ಎಲ್ಲಕ್ಕೂ ಅದೇ ದುಡ್ಡು. ನಿಮ್ಮ ಕೋಣೆ ಯಾವುದು, ಕೆಲಸ ಯಾವುದು, ಮಂಚದ ಕೆಳಗಿನ ಫೋಟೋಗಳನ್ನು ಇವತ್ತು ಕಿತ್ತು ಹಾಕುತ್ತಾರಾ ಇಲ್ಲವಾ, ಬಿಡುಗಡೆಯ ದಿನ ಮುಂದಕ್ಕೆ ಹೋಗುತ್ತದಾ, ಎಲ್ಲ ನಿರ್ಧಾರ ಆ ಸಮವಸ್ತ್ರದ ಮನುಷ್ಯನ ಕೈಯಲ್ಲಿದೆ. ಅವನು ಬಟ್ಟೆ ಬಿಚ್ಚು ಅಂದಾಗ ಆಗಲ್ಲ ಅನ್ನಲು ಆಗದ ಜಾಗದಲ್ಲಿ ಇಷ್ಟ ಅನ್ನುವುದಕ್ಕೆ ಅರ್ಥವೇ ಇಲ್ಲ. ಕಾನೂನು ಇದನ್ನು ಸರಿಯಾಗಿ ಅರ್ಥ ಮಾಡಿಕೊಂಡಿದೆ. ಆ ಒಂದು ಅಂಶಕ್ಕೆ ಪೂರ್ತಿ ಅಂಕ ಕೊಡುತ್ತೇನೆ.

ಇನ್ನು ಸೇವೆ ನಿಜವಾಗಿ ಹೇಗೆ ನಡೆಯಿತು ಅನ್ನುವುದಕ್ಕೆ ಬರೋಣ.

ಯಾವುದೇ ದೂರು ವ್ಯವಸ್ಥೆಯನ್ನು ಪರೀಕ್ಷೆ ಮಾಡುವಾಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. ಯಾರ ಮೇಲೆ ದೂರು ಇದೆಯೋ ಅವರ ಕೈಗೆ ಅದು ಸಿಗುತ್ತದಾ? ಸಿಗುತ್ತದೆ ಅಂತಾದರೆ ಉಳಿದ ಪರೀಕ್ಷೆ ಮಾಡುವುದೇ ಬೇಡ. ಅಲ್ಲಿಗೆ ಅದು ಫೇಲ್.

ಡಬ್ಲಿನ್‌ನಲ್ಲಿ ಅದು ಸಿಗುತ್ತಿತ್ತು. ರೇ ಗಾರ್ಸಿಯಾ ಅನ್ನುವವನು 2018ರ ಕೊನೆಯಲ್ಲಿ ಅಲ್ಲಿಗೆ ಸಹಾಯಕ ವಾರ್ಡನ್ ಆಗಿ ಬಂದ. 2020ರ ನವೆಂಬರ್‌ನಲ್ಲಿ ವಾರ್ಡನ್ ಆದ. ಅಂದರೆ ಇಡೀ ಜೈಲಿನ ಮುಖ್ಯಸ್ಥ. ಪ್ರೀಯಾ ನಿಯಮ ಪಾಲನೆ, ದೌರ್ಜನ್ಯ ನಡೆದರೆ ಹೇಗೆ ತಿಳಿಸಬೇಕು ಅಂತ ಸಿಬ್ಬಂದಿಗೂ ಕೈದಿಗಳಿಗೂ ಕೊಡುವ ತರಬೇತಿ, ಇವನ್ನೆಲ್ಲ ನೋಡಿಕೊಳ್ಳುವ ಜವಾಬ್ದಾರಿ ಅವನದೇ ಆಗಿತ್ತು. ಅದೇ ದಿನಗಳಲ್ಲಿ ಅವನು ಸುತ್ತು ಹಾಕಲು ಬಂದಾಗ ಹೆಂಗಸರನ್ನು ಬೆತ್ತಲಾಗಿ ನಿಲ್ಲಿಸುತ್ತಿದ್ದ, ಅವರ ಮೈ ಮುಟ್ಟುತ್ತಿದ್ದ. ಸರ್ಕಾರ ಕೊಟ್ಟ ಫೋನಿನಲ್ಲಿ ಅವರ ಬೆತ್ತಲೆ ಚಿತ್ರಗಳು ಸಿಕ್ಕವು. ಸಿಬ್ಬಂದಿಯ ತಪ್ಪುಗಳನ್ನು ತನಿಖೆ ಮಾಡುವವರು ತನಗೆ ಆಪ್ತ ಸ್ನೇಹಿತರು ಅಂತ ಒಬ್ಬಳಿಗೆ ಹೇಳಿದ್ದ ಅಂತ ಪ್ರಾಸಿಕ್ಯೂಷನ್ ದಾಖಲೆಯಲ್ಲಿದೆ.

ಈಗ ದೂರಿನ ಹಾಳೆ ಹೋಗುವ ದಾರಿಯನ್ನು ನೋಡಿ. ಮೊದಲು ಬಿಪಿ-8 ಅನ್ನುವ ಫಾರ್ಮ್. ಅದನ್ನು ಕೇಳಿ ತೆಗೆದುಕೊಳ್ಳಬೇಕಾದದ್ದು ಘಟಕದ ಸಿಬ್ಬಂದಿಯ ಹತ್ತಿರ. ತುಂಬಿ ಕೊಡಬೇಕಾದದ್ದೂ ಅವರಿಗೇ. ಅಲ್ಲಿ ಸರಿಹೋಗದಿದ್ದರೆ ಬಿಪಿ-9. ಅದಕ್ಕೆ ಉತ್ತರ ಕೊಡುವವನು ವಾರ್ಡನ್. ಆಮೇಲೆ ಬಿಪಿ-10 ಪ್ರಾದೇಶಿಕ ಕಚೇರಿಗೆ, ಬಿಪಿ-11 ವಾಷಿಂಗ್ಟನ್‌ಗೆ. ವಾರ್ಡನ್‌ಗೆ ಉತ್ತರಿಸಲು 20 ದಿನ, ಪ್ರಾದೇಶಿಕ ಕಚೇರಿಗೆ 30 ದಿನ, ಕೊನೆಯವರಿಗೆ 40 ದಿನ. ಬೇಕಾದರೆ ಅವರು ಅದನ್ನು ಮುಂದೂಡಿಕೊಳ್ಳಬಹುದು. ಸೂಕ್ಷ್ಮ ವಿಷಯವಾದರೆ ನೇರವಾಗಿ ಪ್ರಾದೇಶಿಕ ಕಚೇರಿಗೆ ಕಳಿಸುವ ಅವಕಾಶವೂ ಇದೆ. ಆದರೆ ಅದು ಗೊತ್ತಿರಬೇಕು, ಫಾರ್ಮ್ ಸಿಗಬೇಕು, ಅಂಚೆಗೆ ಹಾಕಬೇಕು. 1996ರ ಇನ್ನೊಂದು ಕಾನೂನಿನ ಪ್ರಕಾರ ಕೈದಿ ಈ ಮೆಟ್ಟಿಲುಗಳನ್ನೆಲ್ಲ ಹತ್ತಿ ಮುಗಿಸದೆ ಜೈಲಿನ ಪರಿಸ್ಥಿತಿಯ ಬಗ್ಗೆ ಫೆಡರಲ್ ಕೋರ್ಟಿಗೆ ಹೋಗುವಂತಿಲ್ಲ. ಅಂದರೆ ಈ ಸೇವೆ ಬರೀ ಒಂದು ಅನುಕೂಲ ಅಲ್ಲ. ನ್ಯಾಯಕ್ಕೆ ಹೋಗುವ ಬಾಗಿಲೇ ಇದು, ಆ ಬಾಗಿಲಲ್ಲಿ ವಾರ್ಡನ್ ನಿಂತಿದ್ದಾನೆ.

ಅವನೊಬ್ಬನೇ ಆಗಿದ್ದರೆ ಒಬ್ಬ ಕೆಟ್ಟ ಮನುಷ್ಯನ ಕಥೆ ಅಂತ ಬಿಡಬಹುದಿತ್ತು. ಹಾಗಿರಲಿಲ್ಲ. ಚಾಪ್ಲಿನ್, ಅಂದರೆ ಜೈಲಿನ ಪಾದ್ರಿ, ತನ್ನ ಹತ್ತಿರ ಪ್ರಾರ್ಥನೆಗೆ, ಸಮಾಧಾನಕ್ಕೆ ಬಂದವಳ ಮೇಲೆ ಬೈಬಲ್ ಕಥೆ ಹೇಳುತ್ತಲೇ ಒತ್ತಡ ಹಾಕಿ ದೌರ್ಜನ್ಯ ಮಾಡಿದ. ಅವನಿಗೆ ಏಳು ವರ್ಷ ಶಿಕ್ಷೆ ಆಯಿತು. ಸುರಕ್ಷತಾ ವಿಭಾಗದ ಅಧಿಕಾರಿಗೆ 63 ತಿಂಗಳು. ಅಡುಗೆ ವಿಭಾಗದ ಒಬ್ಬನಿಗೆ ಎಂಟು ವರ್ಷ, ಇನ್ನೊಬ್ಬನಿಗೆ 20 ತಿಂಗಳು. ಕೈದಿಗಳು ಕೆಲಸ ಮಾಡುವ ಕಾಲ್ ಸೆಂಟರಿನ ಮೇಲ್ವಿಚಾರಕನಿಗೆ ಆರು ವರ್ಷ. ಗಾರ್ಸಿಯಾಗೆ 70 ತಿಂಗಳು. 2024ರ ಹೊತ್ತಿಗೆ ಏಳು ಮಂದಿ ತಪ್ಪಿತಸ್ಥರು ಅಂತ ಸಾಬೀತಾಗಿತ್ತು, ಕೆಲವರು ತಾವೇ ಒಪ್ಪಿಕೊಂಡಿದ್ದರು. ಅಡುಗೆ, ಪ್ರಾರ್ಥನೆ, ಕೆಲಸ, ಸುರಕ್ಷತೆ, ಕೊನೆಗೆ ವಾರ್ಡನ್ ಕಚೇರಿ. ದಿನ ಬೆಳಗಾದರೆ ಒಬ್ಬ ಕೈದಿ ಹೋಗಬೇಕಾದ ಜಾಗಗಳೇ ಇವು. ಯಾರ ಹತ್ತಿರ ಹೇಳುವುದು? 2022ರ ಫೆಬ್ರವರಿಯಲ್ಲಿ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ದೊಡ್ಡ ತನಿಖಾ ವರದಿ ಮಾಡಿದಾಗ ಹೊರಗೆ ಬಂದ ಮಾತು ಇದು: ಕೈದಿಗಳೂ ಅಲ್ಲಿ ಕೆಲಸ ಮಾಡುವವರೂ ಈ ಜೈಲನ್ನು ರೇಪ್ ಕ್ಲಬ್ ಅಂತ ಕರೆಯುತ್ತಿದ್ದರು. ಕೆಲಸ ಮಾಡುವವರೂ! ಅಂದರೆ ಎಲ್ಲರಿಗೂ ಗೊತ್ತಿತ್ತು.

ಗಾರ್ಸಿಯಾ ವಿಚಾರಣೆ ನಡೆಯುವಾಗ ರಜೆ ಹಾಕಿ ಓಕ್ಲೆಂಡ್‌ನ ಫೆಡರಲ್ ಕೋರ್ಟಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಅದು ಸಾರ್ವಜನಿಕ ವಿಚಾರಣೆ, ಯಾರು ಬೇಕಾದರೂ ಹೋಗಬಹುದು. ಹೆಂಗಸರು ಬೆತ್ತಲಾಗಿರುವುದು ನಿಯಮಕ್ಕೆ ವಿರುದ್ಧ, ಅದಕ್ಕೆ ಸಾಕ್ಷಿಯಾಗಲಿ ಅಂತ ಫೋಟೋ ತೆಗೆದೆ ಅನ್ನುವುದು ಅವನ ವಾದ. ಜ್ಯೂರಿ ಅದನ್ನು ನಂಬಲಿಲ್ಲ. 2022ರ ಡಿಸೆಂಬರ್‌ನಲ್ಲಿ ಎಂಟೂ ಆರೋಪಗಳಲ್ಲಿ ತಪ್ಪಿತಸ್ಥ ಅಂತ ತೀರ್ಪು ಬಂತು. ಅದರಲ್ಲಿ ಒಂದು ತನಿಖಾಧಿಕಾರಿಗಳಿಗೆ ಸುಳ್ಳು ಹೇಳಿದ ಆರೋಪ. ಅಲ್ಲಿ ಸಾಕ್ಷಿ ಹೇಳಿದ ಹೆಂಗಸರ ಬಗ್ಗೆ ನನಗಿರುವ ಗೌರವವನ್ನು ಹೇಗೆ ಬರೆಯಬೇಕು ಗೊತ್ತಾಗುತ್ತಿಲ್ಲ. ಅವರ ಹಳೆಯ ಅಪರಾಧ ಏನೇ ಇರಲಿ, ಅದಕ್ಕೆ ಕೋರ್ಟು ಕೊಟ್ಟ ಶಿಕ್ಷೆ ಜೈಲುವಾಸ. ಇದು ಆ ಶಿಕ್ಷೆಯ ಭಾಗ ಆಗಿರಲಿಲ್ಲ.

ಇನ್ನು ಬೆಲೆ. ದೂರು ಕೊಡುವುದು ಪುಕ್ಕಟೆ ಅಂತ ಕೈಪಿಡಿ ಹೇಳುತ್ತದೆ. ಆದರೆ ದೂರು ಕೊಟ್ಟವಳು ಬೆಲೆ ಕಟ್ಟುತ್ತಿದ್ದಳು. ಎಸ್‌ಎಚ್‌ಯು ಅಂತ ಒಂದು ವಿಭಾಗ ಇರುತ್ತದೆ, ಒಳಗಿನವರು ಶೂ ಅನ್ನುತ್ತಾರೆ. ಶಿಕ್ಷೆಗೆ ಹಾಕುವ ಒಂಟಿ ಕೋಣೆಗಳು. ದೂರು ಕೊಟ್ಟವಳ ರಕ್ಷಣೆಗೆ ಅಂತ ಹೇಳಿ ಅವಳನ್ನೇ ಅಲ್ಲಿ ಹಾಕುತ್ತಿದ್ದರು. ಕೆಲಸ ಹೋಯಿತು, ಗೆಳತಿಯರು ದೂರ, ಫೋನು ಅಪರೂಪ. ಇಲ್ಲವೇ ಇನ್ನೊಂದು ರಾಜ್ಯದ ಜೈಲಿಗೆ ವರ್ಗಾವಣೆ. ಅಲ್ಲಿಗೆ ಮಕ್ಕಳು ನೋಡಲು ಬರುವುದೂ ನಿಂತಂತೆ. ಕೋಣೆ ತಪಾಸಣೆ, ಮೈ ತಪಾಸಣೆ, ಸಣ್ಣಪುಟ್ಟದ್ದಕ್ಕೆ ಶಿಸ್ತಿನ ಕ್ರಮ. ಒಳ್ಳೆಯ ನಡತೆಗೆ ಸಿಗುವ ದಿನಗಳ ವಿನಾಯಿತಿ ಹೋದರೆ ಬಿಡುಗಡೆಯೇ ತಡ. ಅಪರಾಧ ಮಾಡಿದವನು ಸಂಜೆ ಮನೆಗೆ ಹೋಗುತ್ತಿದ್ದ. ಇದನ್ನು ನೋಡಿದ ಪಕ್ಕದ ಕೋಣೆಯವಳು ಬಾಯಿ ಬಿಡುತ್ತಾಳಾ?

ಅಮೆರಿಕದ ಪೌರತ್ವ ಇಲ್ಲದ ಹೆಂಗಸರ ಸ್ಥಿತಿ ಇನ್ನೂ ಕಷ್ಟ. ಡಬ್ಲಿನ್‌ನಲ್ಲಿ ಅಂಥವರನ್ನು ಹುಡುಕಿ ಗುರಿ ಮಾಡಿದರು ಅಂತ ಅಲ್ಲಿನ ಹೆಂಗಸರು ಆಮೇಲೆ ಹೂಡಿದ ಮೊಕದ್ದಮೆಯಲ್ಲಿ ಹೇಳಿದ್ದಾರೆ. ಗಡೀಪಾರಿನ ಭಯ, ಇಂಗ್ಲಿಷ್ ಸರಿಯಾಗಿ ಬಾರದಿರುವುದು, ಹೊರಗೆ ಕೇಳುವವರು ಯಾರೂ ಇಲ್ಲದಿರುವುದು, ಇವೆಲ್ಲ ಆ ಗಂಡಸರಿಗೆ ಅನುಕೂಲವಾದವು. ವೀಸಾ ಮೇಲೆ ಇಲ್ಲಿ ಬದುಕುವ ನಮಗೆ ಈ ಹೆದರಿಕೆಯ ಚೂರು ಗೊತ್ತು. ಆಫೀಸಿನಲ್ಲಿ ಏನಾದರೂ ಸಹಿಸಿಕೊಂಡಾಗ, ಹೇಳಿದರೆ ವೀಸಾ ಏನಾಗುತ್ತೋ ಅಂತ ಒಮ್ಮೆಯಾದರೂ ಅನ್ನಿಸಿರುತ್ತದೆ. ಆ ಹೆದರಿಕೆಗೆ ನಾಲ್ಕು ಗೋಡೆ, ಬೀಗ ಸೇರಿಸಿ ನೋಡಿ.

ಗುಣಮಟ್ಟ ಪರೀಕ್ಷೆ ಮಾಡುವವಳಾಗಿ ನನಗೆ ಜಾಸ್ತಿ ಸಿಟ್ಟು ಬಂದದ್ದು ಆಡಿಟ್ ವಿಷಯಕ್ಕೆ. ಸೆನೆಟ್‌ನ ತನಿಖಾ ಉಪಸಮಿತಿ 2022ರ ಡಿಸೆಂಬರ್‌ನಲ್ಲಿ ಒಂದು ವರದಿ ಕೊಟ್ಟಿತು. ಜಾರ್ಜಿಯಾದ ಸೆನೆಟರ್ ಜಾನ್ ಆಸಫ್ ಆಗ ಅದರ ಅಧ್ಯಕ್ಷರಾಗಿದ್ದರು. ಹಿಂದಿನ ಹತ್ತು ವರ್ಷಗಳಲ್ಲಿ ಹೆಂಗಸರನ್ನು ಇಟ್ಟಿದ್ದ 29 ಫೆಡರಲ್ ಜೈಲುಗಳಲ್ಲಿ ಕನಿಷ್ಠ 19ರಲ್ಲಿ ಸಿಬ್ಬಂದಿ ಲೈಂಗಿಕ ದೌರ್ಜನ್ಯ ಮಾಡಿದ್ದರು ಅಂತ ಅದರಲ್ಲಿದೆ. ಅಂದರೆ ಹೆಚ್ಚುಕಡಿಮೆ ಮೂರರಲ್ಲಿ ಎರಡು ಜೈಲು. ಫೆಡರಲ್ ಜೈಲು ಇಲಾಖೆಯೊಳಗಿನ ತನಿಖೆಗೆ ಕಾಯುತ್ತಿದ್ದ ಪ್ರಕರಣಗಳು ಸುಮಾರು 8,000. ಕೆಲವು ಐದು ವರ್ಷಕ್ಕೂ ಹಳೆಯವು. ದೌರ್ಜನ್ಯ ನಡೆಯುತ್ತಿದ್ದ ಕಾಲದಲ್ಲೇ ಡಬ್ಲಿನ್ ಜೈಲು ಪ್ರೀಯಾ ಆಡಿಟ್‌ನಲ್ಲಿ ಪಾಸಾಗಿತ್ತು. ಫ್ಲೋರಿಡಾದ ಕೋಲ್ಮನ್ ಜೈಲೂ ಪಾಸು. ಅಲ್ಲಿ 2021ರಲ್ಲಿ ಆಡಿಟರ್ ಬರುವ ಎರಡು ದಿನ ಮೊದಲು ಹೆಂಗಸರನ್ನೆಲ್ಲ ಬೇರೆ ಕಡೆಗೆ ಸಾಗಿಸಿದ್ದರು. ಆಡಿಟರ್ ಮಾತಾಡಿಸಬೇಕಾದವರೇ ಅಲ್ಲಿರಲಿಲ್ಲ. ಆದರೂ ಪಾಸು. ನಮ್ಮ ಕೆಲಸದಲ್ಲಿ ಯಾರಾದರೂ ಬಳಕೆದಾರರನ್ನು ತೆಗೆದು ಹಾಕಿ ಪರೀಕ್ಷೆ ಪಾಸ್ ಮಾಡಿಸಿದರೆ ಅದನ್ನು ಮೋಸ ಅಂತಲೇ ಕರೆಯುತ್ತೇವೆ.

ಕೋಲ್ಮನ್ ವಿಷಯದಲ್ಲಿ ಇನ್ನೂ ಒಂದು ಇದೆ, ಇದನ್ನು ಓದಿ ನಾನು ಆ ದಿನ ಮುಂದಕ್ಕೆ ಓದಲಾಗದೆ ಎದ್ದುಬಿಟ್ಟೆ. ಅಲ್ಲಿನ ಆರು ಅಧಿಕಾರಿಗಳು ತಾವು ಮಾಡಿದ್ದನ್ನು ಇಲಾಖೆಯ ತನಿಖೆಯಲ್ಲಿ ಪ್ರಮಾಣ ಮಾಡಿ ಒಪ್ಪಿಕೊಂಡರು. ಆದರೆ ಉತ್ತರ ಕೊಡದಿದ್ದರೆ ಕೆಲಸ ಹೋಗುತ್ತದೆ ಅಂತ ಒತ್ತಾಯ ಮಾಡಿ ಪಡೆದ ಹೇಳಿಕೆಯನ್ನು ಕ್ರಿಮಿನಲ್ ಮೊಕದ್ದಮೆಯಲ್ಲಿ ಅವರ ವಿರುದ್ಧ ಬಳಸುವಂತಿಲ್ಲ. ಹಾಗಾಗಿ ಅವರ ಮೇಲೆ ಮೊಕದ್ದಮೆಯೇ ನಡೆಯಲಿಲ್ಲ. ತಪ್ಪು ಒಪ್ಪಿಕೊಂಡೇ ಪಾರಾದರು. ದೂರು ಕೊಟ್ಟ ಹೆಂಗಸರು ಎಲ್ಲವನ್ನೂ ಸರಿಯಾಗಿ ಮಾಡಿದ್ದರು. ಅವರ ಮಾತು ನಿಜ ಅಂತಲೂ ದಾಖಲಾಯಿತು. ಫಲ ಮಾತ್ರ ಸೊನ್ನೆ.

ಡಬ್ಲಿನ್‌ನಲ್ಲಿ ಇದು ಮೊದಲ ಸಲವೂ ಅಲ್ಲ. 1995ರಲ್ಲಿ ಇದೇ ಆವರಣದಲ್ಲಿ ಹೆಂಗಸರನ್ನು ಪಕ್ಕದ ಗಂಡಸರ ಬಂದೀಖಾನೆಯ ಒಂಟಿ ಕೋಣೆಗಳಲ್ಲಿ ಇಟ್ಟಿದ್ದರು. ಕಾವಲುಗಾರರು ದುಡ್ಡು ತೆಗೆದುಕೊಂಡು ಗಂಡಸು ಕೈದಿಗಳನ್ನು ಅವರ ಕೋಣೆಗೆ ಬಿಟ್ಟರು. ಮೂವರು ಹೆಂಗಸರು ಕೋರ್ಟಿಗೆ ಹೋದರು. 1998ರಲ್ಲಿ ಸರ್ಕಾರ 5 ಲಕ್ಷ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ದೂರು ವ್ಯವಸ್ಥೆ ಸರಿ ಮಾಡುತ್ತೇವೆ, ದೂರು ಗುಟ್ಟಾಗಿ ಇಡುತ್ತೇವೆ ಅಂತ ಮಾತು ಕೊಟ್ಟಿತು. ಆಮೇಲೆ ಕಾಲು ಶತಮಾನಕ್ಕೆ ಇದು. ಹಳೆಯ ದೋಷ ತಿದ್ದಿದ್ದೇವೆ ಅಂತ ಹೇಳಿ ಅದೇ ದೋಷ ಇರುವ ಮಾಲನ್ನು ಮತ್ತೆ ಕೊಟ್ಟಂತಾಯಿತು.

ಊರಿನ ಮಾತೂ ಇಲ್ಲಿ ಬರಬೇಕು, ಯಾಕೆಂದರೆ ಅಮೆರಿಕ ಹಾಗೆ, ನಾವು ಹೀಗೆ ಅಂತ ಹೇಳುವವರು ಇರುತ್ತಾರೆ. ಭಾರತದಲ್ಲಿ ವಶದಲ್ಲಿರುವ ಹೆಂಗಸಿನ ಮೇಲಿನ ಅತ್ಯಾಚಾರವನ್ನು ಕಾನೂನು ಬೇರೆಯಾಗಿ ಗುರುತಿಸಿದ್ದು 1983ರಲ್ಲಿ. ಮಹಾರಾಷ್ಟ್ರದ ಪೊಲೀಸ್ ಠಾಣೆಯಲ್ಲಿ ನಡೆದ ಮಥುರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪೊಲೀಸರನ್ನು ಬಿಟ್ಟಾಗ ದೇಶದ ಹೆಂಗಸರು ಬೀದಿಗೆ ಇಳಿದರು. ಆಮೇಲೆ ಬಂದ ತಿದ್ದುಪಡಿ ಅದು. ಪೊಲೀಸರ ಜೊತೆ ಜೈಲು ಸಿಬ್ಬಂದಿಯ ಹೆಸರನ್ನೂ ಅದರಲ್ಲಿ ಬಿಡಿಸಿ ಬರೆದರು. ಒಪ್ಪಿರಲಿಲ್ಲ ಅಂತ ಅವಳು ಹೇಳಿದರೆ ಕೋರ್ಟು ಅದನ್ನೇ ಹಿಡಿಯಬೇಕು ಅಂತ ಮಾಡಿದರು. ಕಾನೂನು ಗಟ್ಟಿ ಇದೆ. ಆದರೆ ಅಲ್ಲಿಯೂ ಕೇಳಬೇಕಾದ ಮೊದಲ ಪ್ರಶ್ನೆ ಅದೇ: ದೂರಿನ ಚೀಟಿ ಯಾರ ಕೈ ದಾಟಿ ಹೊರಗೆ ಬರುತ್ತದೆ?

ಹಾಗಾದರೆ ಡಬ್ಲಿನ್‌ನಲ್ಲಿ ಕೊನೆಗೆ ಕೆಲಸ ಮಾಡಿದ್ದು ಏನು? ಒಳಗಿನ ಸೇವೆ ಅಲ್ಲ. ಹೊರಗಿನವರು. ಕ್ಯಾಲಿಫೋರ್ನಿಯಾ ಕೊಯಲಿಷನ್ ಫಾರ್ ವಿಮೆನ್ ಪ್ರಿಸನರ್ಸ್ ಅನ್ನುವ ಸಂಘಟನೆ ಎಷ್ಟೋ ವರ್ಷಗಳಿಂದ ಜೈಲಿನ ಹೆಂಗಸರನ್ನು ಭೇಟಿ ಮಾಡುತ್ತದೆ, ಪತ್ರ ಬರೆಯುತ್ತದೆ, ಅವರ ಮಾತು ಕೇಳಿಸಿಕೊಳ್ಳುತ್ತದೆ. 2023ರ ಆಗಸ್ಟ್‌ನಲ್ಲಿ ಎಂಟು ಹೆಂಗಸರ ಜೊತೆ ಸೇರಿ ಈ ಸಂಘಟನೆ ಎಲ್ಲ ಕೈದಿಗಳ ಪರವಾಗಿ ಮೊಕದ್ದಮೆ ಹೂಡಿತು. ನ್ಯಾಯಾಧೀಶೆ ಇವಾನ್ ಗೊನ್ಸಾಲೆಜ್ ರೋಜರ್ಸ್. 2024ರ ಫೆಬ್ರವರಿಯಲ್ಲಿ ಅವರು ಮುಂಚೆ ಹೇಳದೆ ಜೈಲಿಗೆ ಹೋದರು. ದಿನವಿಡೀ ಅಲ್ಲಿದ್ದು ಹೆಂಗಸರನ್ನು ತಾವೇ ಮಾತಾಡಿಸಿದರು. ಹೇಳದೆ ಹೋಗುವುದು, ಬಳಸುವವರ ಜೊತೆ ನೇರ ಮಾತಾಡುವುದು: ಪರೀಕ್ಷೆ ಅಂದರೆ ಇದು. ಮಾರ್ಚ್ 11ಕ್ಕೆ ಎಫ್‌ಬಿಐ ಜೈಲಿಗೆ ನುಗ್ಗಿ ಶೋಧ ನಡೆಸಿತು, ಆಗಿನ ವಾರ್ಡನ್‌ನನ್ನೂ ತೆಗೆದರು. ಮಾರ್ಚ್ 15ಕ್ಕೆ ನ್ಯಾಯಾಧೀಶೆ ಆದೇಶ ಕೊಟ್ಟರು. ಜೈಲಿನ ಮೇಲೆ ಕಣ್ಣಿಡಲು ಕೋರ್ಟಿನಿಂದಲೇ ಒಬ್ಬ ಅಧಿಕಾರಿ. ಫೆಡರಲ್ ಜೈಲು ಇಲಾಖೆಯ ಇತಿಹಾಸದಲ್ಲಿ ಹೀಗೆ ಆದದ್ದು ಅದೇ ಮೊದಲು. ಏಪ್ರಿಲ್ 5ಕ್ಕೆ ವೆಂಡಿ ಸ್ಟಿಲ್ ಆ ಕೆಲಸಕ್ಕೆ ಬಂದರು.

ಹತ್ತು ದಿನಕ್ಕೆ, ಏಪ್ರಿಲ್ 15ರಂದು, ಇಲಾಖೆ ಜೈಲನ್ನೇ ಮುಚ್ಚುತ್ತೇವೆ ಅಂತ ಪ್ರಕಟಿಸಿತು.

ಆ ವಾರ ನಮ್ಮ ಕಡೆ ಹಲವರು ಒಳ್ಳೆಯದಾಯಿತು ಅಂದರು. ನನಗೆ ಹಾಗೆ ಅನ್ನಿಸಲಿಲ್ಲ. ಸುಮ್ನೆ ಯೋಚಿಸಿ, ಕೋರ್ಟು ಕಳಿಸಿದವರು ಒಳಗೆ ಬಂದು ಕಡತ ತೆರೆಯಲು ಶುರು ಮಾಡಿದ್ದಾರೆ, ಅಷ್ಟರಲ್ಲಿ ಇಡೀ ಜೈಲು ಖಾಲಿ. ಸುಮಾರು ಆರುನೂರು ಹೆಂಗಸರನ್ನು ಬಸ್ಸು, ವಿಮಾನಗಳಲ್ಲಿ ದೇಶದ ಬೇರೆ ಬೇರೆ ಮೂಲೆಗೆ ಕಳಿಸಿದರು. ಮಿನೆಸೋಟಾದ ವಸೀಕಾ, ಅಲಬಾಮಾದ ಆಲಿಸ್‌ವಿಲ್, ಹೀಗೆ. ಓಕ್ಲೆಂಡಿನಲ್ಲಿ ಮಕ್ಕಳಿರುವ ತಾಯಿ ಅಲಬಾಮಾದಲ್ಲಿ. ಹೋದ ದಾರಿಯಲ್ಲೂ ಕಷ್ಟ. ಗಂಟೆಗಟ್ಟಲೆ ಸಂಕೋಲೆ ಹಾಕಿಕೊಂಡು ಕೂತದ್ದು, ಸಿಬ್ಬಂದಿಯ ಬೈಗುಳ, ಸಾಮಾನು ಕಳೆದದ್ದು, ಇವನ್ನೆಲ್ಲ ಅವರು ಆಮೇಲೆ ವಕೀಲರಿಗೆ ಹೇಳಿದರು. ದೂರು ಕೊಟ್ಟರೆ ದೂರದ ಜೈಲಿಗೆ ಕಳಿಸುತ್ತಾರೆ ಅನ್ನುವುದೇ ಅವರ ಹಳೆಯ ಹೆದರಿಕೆ ಅಲ್ವಾ? ಕೊನೆಗೆ ಆದದ್ದು ಅದೇ, ಎಲ್ಲರಿಗೂ.

2024ರ ಡಿಸೆಂಬರ್‌ನಲ್ಲಿ ಎರಡು ಒಳ್ಳೆಯ ಸುದ್ದಿ ಬಂತು. 103 ಹೆಂಗಸರಿಗೆ ಒಟ್ಟು ಸುಮಾರು 11.6 ಕೋಟಿ ಡಾಲರ್ ಪರಿಹಾರ ಕೊಡಲು ಸರ್ಕಾರ ಒಪ್ಪಿತು. ಒಬ್ಬೊಬ್ಬರಿಗೆ ಸರಾಸರಿ 11 ಲಕ್ಷ ಡಾಲರ್. ಎರಡನೆಯದು, ಕೋರ್ಟಿನ ಮೇಲ್ವಿಚಾರಣೆಯ ಒಪ್ಪಂದ. ಡಬ್ಲಿನ್‌ನಿಂದ ಬೇರೆ ಜೈಲುಗಳಿಗೆ ಹೋದ ಸುಮಾರು 500 ಹೆಂಗಸರು ಈಗ ಎಲ್ಲಿದ್ದಾರೋ ಅಲ್ಲಿಯೇ ಹೊರಗಿನ ಮೇಲ್ವಿಚಾರಕರು ಅವರನ್ನು ಮಾತಾಡಿಸಬಹುದು. ಒಂಟಿ ಕೋಣೆಗೆ ಯಾಕೆ ಹಾಕಿದಿರಿ ಅಂತ ಕೇಳಬಹುದು. ವರದಿ ಸಾರ್ವಜನಿಕವಾಗಿ ಬರಬೇಕು. ಇಲಾಖೆಯ ಮುಖ್ಯಸ್ಥರು ನಡೆದದ್ದನ್ನು ಬಹಿರಂಗವಾಗಿ ಒಪ್ಪಿಕೊಳ್ಳಬೇಕು. 2025ರ ಮಾರ್ಚ್ 31ರಿಂದ ಇದು ಜಾರಿಗೆ ಬಂತು, ಅವಧಿ ಎರಡು ವರ್ಷ. ಈ ಭಾಗಕ್ಕೆ ಬೇರೆಯಾಗಿ ಅಂಕ ಕೊಡುವುದಾದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಒಂದೂವರೆ ಕಡಿಮೆ ಯಾಕೆಂದರೆ ಇದು ಡಬ್ಲಿನ್‌ನಲ್ಲಿ ಇದ್ದವರಿಗೆ ಮಾತ್ರ. ಉಳಿದ ಫೆಡರಲ್ ಜೈಲುಗಳಲ್ಲಿ ಬೇರೆ ಹೆಂಗಸರೂ ಇದ್ದಾರೆ. ಅವರಿಗೆ ಇವತ್ತಿಗೂ ಬಿಪಿ-8.

ನಿಮ್ಮವರು ಯಾರಾದರೂ ಅಮೆರಿಕದ ಫೆಡರಲ್ ಜೈಲಿನಲ್ಲಿ ಇದ್ದರೆ, ಅಥವಾ ನಿಮಗೆ ಗೊತ್ತಿರುವವರ ಮನೆಯವರು ಇದ್ದರೆ, ಈ ಸೇವೆಯನ್ನು ಹೇಗೆ ಬಳಸಬೇಕು ಅಂತ ಸ್ವಲ್ಪ ಹೇಳುತ್ತೇನೆ. ನಮ್ಮವರಲ್ಲಿ ಇದನ್ನು ಮುಚ್ಚಿಡುತ್ತಾರೆ, ಅವರನ್ನು ನೋಡಲು ಹೋಗುವುದನ್ನೇ ಬಿಡುತ್ತಾರೆ. ದಯವಿಟ್ಟು ಬಿಡಬೇಡಿ. ಹೊರಗೆ ಕೇಳುವವರು ಇದ್ದಾರೆ ಅಂತ ಗೊತ್ತಾದ ಕೈದಿಯ ಮೇಲೆ ಕೈ ಹಾಕಲು ಹಿಂಜರಿಯುತ್ತಾರೆ. ಭೇಟಿಗೆ ಹೋಗಿ, ಪತ್ರ ಬರೆಯಿರಿ.

ಅವರು ಏನಾದರೂ ಹೇಳಿದರೆ ಮೊದಲು ನಂಬಿ. ದಿನ, ಹೊತ್ತು, ಜಾಗ, ಯಾರಿದ್ದರು, ಅವರು ಹೇಳಿದ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಜೈಲಿನ ಫೋನು, ಇಮೇಲು ಎರಡನ್ನೂ ಸಿಬ್ಬಂದಿ ಕೇಳಬಹುದು, ಓದಬಹುದು. ಹಾಗಾಗಿ ವಿವರ ಅಲ್ಲಿ ಬೇಡ. ಭೇಟಿಯಲ್ಲಿ ಅಥವಾ ವಕೀಲರ ಮೂಲಕ ಆಗಲಿ. ನೀವೇ ಅವರ ಪರವಾಗಿ ದೂರು ಕೊಡಬಹುದು, ನಿಯಮ ಅದಕ್ಕೆ ಅವಕಾಶ ಕೊಟ್ಟಿದೆ. ಅದನ್ನು ಜೈಲಿಗೆ ಕಳಿಸುವುದಕ್ಕಿಂತ ನ್ಯಾಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿಗೆ ಕಳಿಸಿ. ಪ್ರತಿ ಇಟ್ಟುಕೊಳ್ಳಿ. ಆದರೆ ಕಳಿಸುವ ಮುಂಚೆ ಅವರನ್ನು ಕೇಳಿ. ಆಮೇಲೆ ಒಂಟಿ ಕೋಣೆಯಲ್ಲಿ ಕೂರುವವರು ಅವರು, ನಾವಲ್ಲ.

ಲೈಂಗಿಕ ದೌರ್ಜನ್ಯದ ಆಂತರಿಕ ದೂರಿಗೆ ಕಾಲಮಿತಿ ಇಲ್ಲ. ತಡವಾಯಿತು ಅಂತ ಯಾರಾದರೂ ಫಾರ್ಮ್ ವಾಪಸು ಕೊಟ್ಟರೆ ಒಪ್ಪಬೇಡಿ. ಸರ್ಕಾರದಿಂದ ಪರಿಹಾರ ಕೇಳುವುದಾದರೆ ಮಾತ್ರ ಬೇರೆ ಲೆಕ್ಕ. ಘಟನೆ ನಡೆದ ಎರಡು ವರ್ಷದೊಳಗೆ ಸಂಬಂಧಪಟ್ಟ ಇಲಾಖೆಗೆ ಲಿಖಿತ ಕ್ಲೇಮ್ ಹೋಗಬೇಕು. ಅದಕ್ಕೆ ಎಸ್‌ಎಫ್-95 ಅಂತ ಫಾರ್ಮ್ ಇದೆ. ಬಿಪಿ ಫಾರ್ಮಿಗೆ ಉತ್ತರ ಬರಲಿ ಅಂತ ಕಾಯುತ್ತಾ ಕೂತರೆ ಈ ಎರಡು ವರ್ಷ ಕಳೆದುಹೋಗುತ್ತದೆ. ಎರಡನ್ನೂ ಒಟ್ಟಿಗೆ ಶುರು ಮಾಡಿ, ಮೊದಲ ತಿಂಗಳಲ್ಲೇ ವಕೀಲರನ್ನು ಕಾಣಿ.